ಕ್ರೋಕ್ ಪಾರ್ಕಿನ ಬೀಗ ತೆಗೆಸಿದ ಮೇಷ್ಟ್ರು

ಹಳೇ ಕೋಡಿನ ಜೊತೆ ಒದ್ದಾಡಿದವರಿಗೆ ಇದು ಗೊತ್ತಿರುತ್ತೆ. ಯಾರೋ ಎಂದೋ ಬರೆದಿಟ್ಟ ಒಂದು ಸಾಲು. ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ, ತೆಗೆಯೋಕೆ ಯಾರಿಗೂ ಧೈರ್ಯ ಇಲ್ಲ. ಆದ್ರೆ ಕಾರಣ ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದು, ಅದಕ್ಕೇ ತೆಗೆಯೋಕಾಗದ ಸಾಲುಗಳೂ ಇರುತ್ತವೆ. ಐರ್ಲೆಂಡಿನ ಇತಿಹಾಸ ಓದುವಾಗ ನನಗೆ ಸಿಕ್ಕ ಅಂಥ ಒಂದು ಸಾಲಿನ ಕಥೆ ಇದು.

ಬ್ರಿಟಿಷರ ಆಳ್ವಿಕೆಯಲ್ಲಿ ಐರ್ಲೆಂಡಿನ ಸ್ವಂತ ಆಟಗಳು ಮೂಲೆ ಸೇರುತ್ತಿದ್ದ ಕಾಲ. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಾಕ್ ಮತ್ತು ಕೆಲವರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ (ಜಿಎಎ) ಕಟ್ಟಿದರು. ಹರ್ಲಿಂಗ್ (ಕೋಲು-ಚೆಂಡಿನ ಆಟ, ಹಾಕಿಯ ದೂರದ ನೆಂಟ ಅಂದ್ಕೊಳ್ಳಿ) ಮತ್ತು ಗೇಲಿಕ್ ಫುಟ್‌ಬಾಲ್ ಇದರ ಮುಖ್ಯ ಆಟಗಳು. ಆಟಗಾರರಿಗೆ ಸಂಬಳ ಇಲ್ಲ. ಇವತ್ತಿಗೂ ಇಲ್ಲ!

1920ರ ನವೆಂಬರ್ 21. ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಡಬ್ಲಿನ್ ಮತ್ತು ಟಿಪ್ಪರರಿ ತಂಡಗಳ ಫುಟ್‌ಬಾಲ್ ಪಂದ್ಯ. ಬ್ರಿಟಿಷ್ ಪಡೆಗಳು ಮೈದಾನಕ್ಕೆ ನುಗ್ಗಿ ಜನರ ಮೇಲೆ ಗುಂಡು ಹಾರಿಸಿದವು. ಸತ್ತವರು 14 ಮಂದಿ. ಅವರಲ್ಲೊಬ್ಬ ಟಿಪ್ಪರರಿಯ ಆಟಗಾರ ಮೈಕೆಲ್ ಹೋಗನ್. ಆ ಕ್ರೀಡಾಂಗಣದ ಒಂದು ಸ್ಟ್ಯಾಂಡಿಗೆ ಈಗಲೂ ಅವನದೇ ಹೆಸರು.

ಇಂಥ ಗಾಯದ ಮೇಲೆ ನಿಯಮಗಳು ಗಟ್ಟಿಯಾಗದೆ ಇರುತ್ತವೆಯೇ? ಸದಸ್ಯರು "ವಿದೇಶಿ ಆಟ" ಆಡುವಂತಿಲ್ಲ, ನೋಡುವಂತೆಯೂ ಇಲ್ಲ ಎಂಬ ನಿಷೇಧ ಮೊದಲೇ ಇತ್ತು. 1938ರಲ್ಲಿ ದೇಶದ ಅಧ್ಯಕ್ಷ ಡಗ್ಲಸ್ ಹೈಡ್ ಒಂದು ಸಾಕರ್ ಪಂದ್ಯ ನೋಡೋಕೆ ಹೋದರು ಅಂತ ಅವರನ್ನೇ ಸಂಸ್ಥೆಯ ಪೋಷಕ ಸ್ಥಾನದಿಂದ ತೆಗೆದುಹಾಕಿದರು! ಆ ನಿಷೇಧ 1971ರಲ್ಲಿ ಹೋಯಿತು. ಆದ್ರೆ ಸಾಕರ್, ರಗ್ಬಿಗಳಿಗೆ ಜಿಎಎ ಮೈದಾನ ಕೊಡಬಾರದು ಎಂಬ 42ನೇ ನಿಯಮ ಉಳಿಯಿತು. ತಮಾಷೆ ಅಂದ್ರೆ 1972ರಲ್ಲಿ ಮುಹಮ್ಮದ್ ಅಲಿ ಇದೇ ಕ್ರೋಕ್ ಪಾರ್ಕಿನಲ್ಲಿ ಬಾಕ್ಸಿಂಗ್ ಆಡಿದ್ದ :-) ಅಂದ್ರೆ ಬಾಗಿಲು ಎಲ್ಲರಿಗೂ ಮುಚ್ಚಿರಲಿಲ್ಲ, ಯಾರಿಗೆ ಮುಚ್ಚಬೇಕಿತ್ತೋ ಅವರಿಗೆ ಮಾತ್ರ.

2001ರ ಮಹಾಸಭೆಯಲ್ಲಿ ಈ ನಿಯಮ ಸಡಿಲಿಸುವ ಪ್ರಸ್ತಾಪ ಬಂತು. ಮೂರನೇ ಎರಡು ಬಹುಮತ ಬೇಕಿತ್ತು. ಪರ 176, ವಿರುದ್ಧ 89. ಒಂದೇ ಒಂದು ಮತದಿಂದ ಬಿದ್ದುಹೋಯಿತು!

ಈಗ ನಮ್ಮ ಮೇಷ್ಟ್ರು ಬರುತ್ತಾರೆ. ಶಾನ್ ಕೆಲ್ಲಿ, ಕೆರ್ರಿ ಕೌಂಟಿಯವರು, ಕಿಲಾರ್ನಿಯಲ್ಲಿ ಶಾಲಾ ಶಿಕ್ಷಕರು. ಊರಿನ ಕ್ಲಬ್ಬು, ಕೌಂಟಿ ಮಂಡಳಿ, ಮನ್‌ಸ್ಟರ್ ಪ್ರಾಂತ್ಯದ ಮಂಡಳಿ... ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ 2003ರಲ್ಲಿ ಜಿಎಎ ಅಧ್ಯಕ್ಷರಾದರು. ಗೇಲಿಕ್ ಫುಟ್‌ಬಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಗೆದ್ದಿರುವ ಕೆರ್ರಿಗೆ ಅಧ್ಯಕ್ಷ ಪದವಿ ಸಿಕ್ಕಿದ್ದು ಅದೇ ಮೊದಲು.

ಈ ಪದವಿಯ ಅವಧಿ ಮೂರೇ ವರ್ಷ. ಅಧ್ಯಕ್ಷರು ಹೇಳಿದ ಮಾತ್ರಕ್ಕೆ ನಿಯಮ ಬದಲಾಗಲ್ಲ, ಮತ ಹಾಕೋರು ಪ್ರತಿನಿಧಿಗಳು. ಹಾಗಾಗಿ ಕೆಲ್ಲಿ ಪಟ್ಟು ಹಿಡಿದಿದ್ದು ಒಂದಕ್ಕೇ: ಪ್ರಶ್ನೆ ಸಭೆಯ ಮುಂದೆ ಬರಲಿ, ಸದಸ್ಯರೇ ತೀರ್ಮಾನಿಸಲಿ. ಅದೂ ಸುಲಭ ಇರಲಿಲ್ಲ. 2004ರಲ್ಲಿ ಮಾಜಿ ಅಧ್ಯಕ್ಷರಿದ್ದ ಸಮಿತಿ ತಾಂತ್ರಿಕ ಕಾರಣ ಕೊಟ್ಟು ಪ್ರಸ್ತಾಪಗಳನ್ನು ಸಭೆಗೇ ಬಿಡಲಿಲ್ಲ. ಅಷ್ಟರಲ್ಲಿ ರಗ್ಬಿ, ಸಾಕರ್ ಪಂದ್ಯಗಳು ನಡೆಯುತ್ತಿದ್ದ ಲ್ಯಾನ್ಸ್‌ಡೌನ್ ರಸ್ತೆಯ ಮೈದಾನವನ್ನು ಕೆಡವಿ ಕಟ್ಟುವ ಯೋಜನೆ ಬಂತು. ದೇಶದ ತಂಡ ತನ್ನ ಪಂದ್ಯಗಳನ್ನು ಪರದೇಶದಲ್ಲಿ ಆಡಬೇಕಾದ ಪರಿಸ್ಥಿತಿ.

2005ರ ಏಪ್ರಿಲ್ 16ರಂದು ಗುಪ್ತ ಮತದಾನ ನಡೆಯಿತು. ಪರ 227, ವಿರುದ್ಧ 97. ಬೇಕಾಗಿದ್ದು 216. ಹೊಸ ಮೈದಾನ ಏಳುವವರೆಗೆ ಮಾತ್ರ ಅಂತ ಬೀಗ ತೆಗೆದರು.

ವಿರೋಧಿಸಿದವರನ್ನು ಮೂಢರು ಅನ್ನೋಕೆ ನನಗೆ ಮನಸ್ಸಾಗಲ್ಲ. ಕೈಯಿಂದ ದುಡ್ಡು ಹಾಕಿ, ಸಂಬಳವಿಲ್ಲದೆ ದುಡಿದು ಮೂರು ನಾಲ್ಕು ತಲೆಮಾರು ಕಟ್ಟಿದ ಮನೆ ಅದು. ಎದುರಾಳಿ ಆಟಕ್ಕೆ ಯಾಕೆ ಕೊಡಬೇಕು ಅಂತ ಕೇಳೋದರಲ್ಲಿ ನ್ಯಾಯ ಇದೆ. ಅದಕ್ಕೇ ಈ ಮಾತು ಹೊರಗಿನವನ ಬಾಯಲ್ಲಿ ಬಂದಿದ್ದರೆ ನಡೀತಿರಲಿಲ್ಲ. ಪತ್ರಿಕೆಯವರೋ ಮಂತ್ರಿಗಳೋ ಹೇಳಿದ್ರೆ "ನಿಮಗೇನು ಗೊತ್ತು" ಅಂತಿದ್ದರು. ಜೀವಮಾನವೆಲ್ಲಾ ಅದೇ ಮೈದಾನದಲ್ಲಿ ಕಳೆದವರಿಗೆ ಹಾಗನ್ನೋಕಾಗುತ್ತಾ?

2007ರ ಫೆಬ್ರವರಿ 24ರಂದು ಇಂಗ್ಲೆಂಡ್ ರಗ್ಬಿ ತಂಡ ಕ್ರೋಕ್ ಪಾರ್ಕಿಗೆ ಬಂತು. ಹೋಗನ್ ಸತ್ತ ನೆಲದಲ್ಲಿ ಬ್ರಿಟಿಷ್ ರಾಷ್ಟ್ರಗೀತೆ ನುಡಿಸಿದಾಗ ಏನಾಗುತ್ತೋ ಅಂತ ಎಲ್ಲರಿಗೂ ಭಯ. ಜನ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಐರ್ಲೆಂಡ್ 43-13ರಿಂದ ಗೆದ್ದಿತು! ಅಷ್ಟು ಹೊತ್ತಿಗೆ ಕೆಲ್ಲಿಯವರ ಮೂರು ವರ್ಷ ಮುಗಿದಿತ್ತು, ಕುರ್ಚಿಯಲ್ಲಿ ಬೇರೆಯವರಿದ್ದರು.

ಗಾಯವನ್ನು ಮರೆಯೋದು ಬೇರೆ, ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚೋದು ಬೇರೆ. ಹೋಗನ್ ಹೆಸರು ಅಲ್ಲೇ ಇದೆ, ಬೀಗ ಮಾತ್ರ ಹೋಯಿತು. ನಿಮಗೇನನ್ನಿಸುತ್ತೆ?