ಮರದ ಕುದುರೆ, ಮಣ್ಣಿನ ಹುಲಿ

ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯಲ್ಲಿ ಶನಿವಾರ ನೆರೆಯುವ ಹಳೆಯ ಸಾಮಾನುಗಳ ಸಂತೆಯನ್ನು ಸುತ್ತಿದವರಿಗೆ ಒಂದು ವಸ್ತು ಪರಿಚಿತವಾಗಿರಬಹುದು. ಅಂಗೈಯಗಲದ ಕುದುರೆ, ಮುಂಗಾಲೆತ್ತಿ ನೆಗೆಯುವ ಭಂಗಿ, ಬೆನ್ನನ್ನು ಹಾದು ಮೇಲಕ್ಕೆದ್ದ ತಿರುಚಿದ ಚಿನ್ನದ ಬಣ್ಣದ ಕಂಬ. ಪೀಠದಡಿಯ ಕೀಲಿಯನ್ನು ತಿರುವಿದರೆ ಕೆಲವದರಲ್ಲಿ ಸಣ್ಣ ಸಂಗೀತವೂ ಕೇಳಿಬರುತ್ತದೆ. ಜಾತ್ರೆಗಳಲ್ಲಿ ಮಕ್ಕಳನ್ನು ಹೊತ್ತು ಸುತ್ತುವ ಮೆರಿ-ಗೋ-ರೌಂಡಿನ, ಅಂದರೆ ಕ್ಯಾರೊಸೆಲ್‌ನ, ಮರದ ಕುದುರೆಯ ಪುಟ್ಟ ಪ್ರತಿಕೃತಿ ಇದು. ಗಾಜಿನ ಕಪಾಟಿನ ಅಲಂಕಾರವೆಂದು ಇದನ್ನು ಕಡೆಗಣಿಸುವವರೇ ಹೆಚ್ಚು. ಆದರೆ ಈ ಕುದುರೆಯ ವಂಶಾವಳಿ ಸಾಮಾನ್ಯವಾದುದಲ್ಲ. ನಮ್ಮ ಇಕ್ಕೇರಿಯ, ಶ್ರೀರಂಗಪಟ್ಟಣದ ನೆನಪುಗಳೂ ಅದರ ಆಸುಪಾಸಿನಲ್ಲಿ ಸುಳಿಯುತ್ತವೆ.

ಕ್ಯಾರೊಸೆಲ್ ಎಂಬುದು ಮೊದಲು ರಾಜಪುತ್ರರ ಕುದುರೆಯಾಟದ ಹೆಸರಾಗಿತ್ತು. ಓಡುವ ಕುದುರೆಯ ಮೇಲಿನಿಂದ, ತೂಗುಬಿಟ್ಟ ಉಂಗುರವನ್ನು ಭರ್ಜಿಯ ಮೊನೆಯಿಂದ ಎತ್ತಿಕೊಳ್ಳುವುದು ಅದರ ಒಂದು ಸ್ಪರ್ಧೆ. 1662ರಲ್ಲಿ ಹದಿನಾಲ್ಕನೆಯ ಲೂಯಿ ಪ್ಯಾರಿಸ್ಸಿನಲ್ಲಿ ಇಂಥದೊಂದು ಉತ್ಸವವನ್ನು ವೈಭವದಿಂದ ನಡೆಸಿದನು; ಆ ಚೌಕಕ್ಕೆ ಇಂದಿಗೂ ಅದೇ ಹೆಸರಿದೆ. ಆ ವಿದ್ಯೆಯ ಅಭ್ಯಾಸಕ್ಕಾಗಿ ನಡುಗಂಬದ ಸುತ್ತ ತಿರುಗುವಂತೆ ಮರದ ಕುದುರೆಗಳನ್ನು ಕಟ್ಟಿದರು. ಅರಸುಮಕ್ಕಳ ತಾಲೀಮಿನ ಸಲಕರಣೆ ಕ್ರಮೇಣ ಜನಸಾಮಾನ್ಯರ ಆಟವಾಯಿತು.

ಸುತ್ತುವ ಆಟವಾದರೋ ಅದಕ್ಕೂ ಹಳೆಯದು. ಪೀಟರ್ ಮಂಡಿ ಎಂಬ ಆಂಗ್ಲ ಪ್ರವಾಸಿಗನು 1620ರಲ್ಲಿ ಇಂದಿನ ಬಲ್ಗೇರಿಯದ ಪ್ಲೊವ್ಡಿವ್ ನಗರದಲ್ಲಿ, ತುರ್ಕರ ಹಬ್ಬದ ಸಂದರ್ಭದಲ್ಲಿ, ಮಲಗಿಸಿದ ಗಾಡಿಚಕ್ರದಂಥ ಯಂತ್ರದ ಅಂಚಿನಲ್ಲಿ ಕುಳಿತು ಮಕ್ಕಳು ಸುತ್ತುವುದನ್ನು ಕಂಡು ಬರೆದಿಟ್ಟಿದ್ದಾನೆ. ಇದೇ ಮಂಡಿ 1637ರಲ್ಲಿ ಹಡಗಿನಲ್ಲಿ ಭಟ್ಕಳದ ಕರಾವಳಿಗೆ ಬಂದು, ಘಟ್ಟವನ್ನೇರಿ, ಕೆಳದಿಯ ವೀರಭದ್ರ ನಾಯಕನ ರಾಜಧಾನಿಯಾಗಿದ್ದ ಇಕ್ಕೇರಿಯನ್ನೂ ಕಂಡವನು. ಮಲೆನಾಡಿನ ಜಾತ್ರೆಯೊಂದರಲ್ಲಿ ರಾಟೆತೊಟ್ಟಿಲೇನಾದರೂ ಅವನ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಬರೆದಿಡದೆ ಬಿಡುತ್ತಿರಲಿಲ್ಲವೇನೋ!

ಈ ಆಟಕ್ಕೆ ಉಗಿಯ ಬಲ ದೊರೆತದ್ದು 1860ರ ದಶಕದ ಇಂಗ್ಲೆಂಡಿನಲ್ಲಿ. ನಾರ್ಫಕ್ ಪ್ರಾಂತ್ಯದ ಕಿಂಗ್ಸ್ ಲಿನ್ ಪಟ್ಟಣದಲ್ಲಿ ಬೇಸಾಯದ ಯಂತ್ರಗಳನ್ನು ತಯಾರಿಸುತ್ತಿದ್ದ ಫ್ರೆಡರಿಕ್ ಸ್ಯಾವೇಜ್ (1828–1897) ಜಾತ್ರೆಯ ಯಂತ್ರಗಳಿಗೆ ಕೈಹಾಕಿ ಜಗತ್ಪ್ರಸಿದ್ಧನಾದನು. ಊರವರು ಅವನನ್ನು ಮೇಯರನನ್ನಾಗಿ ಆರಿಸಿದ್ದಲ್ಲದೆ, ಅವನು ಬದುಕಿರುವಾಗಲೇ ಪ್ರತಿಮೆಯನ್ನೂ ನಿಲ್ಲಿಸಿದರು. ತಿರುಗುತ್ತಲೇ ಮೇಲೆ ಕೆಳಗೆ ನೆಗೆಯುವ ಕುದುರೆಗಳು, ನಡುವೆ ಉಗಿಯಂತ್ರ, ಪಕ್ಕದಲ್ಲಿ ತಾನೇ ನುಡಿಯುವ ಆರ್ಗನ್ ವಾದ್ಯ: ಇದು ವಿಕ್ಟೋರಿಯಾ ಕಾಲದ ಜಾತ್ರೆಯ ಮಹಾವೈಭವ. ಕುದುರೆಗಳಲ್ಲದೆ ಹುಂಜ, ಉಷ್ಟ್ರಪಕ್ಷಿಗಳೂ ಇದ್ದವು. ಬೋಯರ್ ಯುದ್ಧದ ಕಾಲದಲ್ಲಂತೂ ಸೇನಾಪತಿಗಳ ಮುಖವನ್ನು ಕುದುರೆಯ ಮೈಗೆ ಕೂಡಿಸಿದ ವಿಚಿತ್ರ ಮೂರ್ತಿಗಳೂ ಹುಟ್ಟಿಕೊಂಡವು.

ಇಲ್ಲೊಂದು ಸ್ವಾರಸ್ಯವಿದೆ. ಕುದುರೆಯನ್ನು ಎಡಬದಿಯಿಂದ ಹತ್ತುವುದು ವಾಡಿಕೆಯಾದ್ದರಿಂದ ಇಂಗ್ಲೆಂಡಿನ ಕ್ಯಾರೊಸೆಲ್ ನಮ್ಮ ದೇವಾಲಯದ ಪ್ರದಕ್ಷಿಣೆಯಂತೆ ಬಲಕ್ಕೆ ಸುತ್ತುತ್ತದೆ; ಅಮೆರಿಕದ್ದು ಅಪ್ರದಕ್ಷಿಣೆ. ನೋಡುವವರಿಗೆ ಕಾಣುವ ಹೊರಬದಿಗೇ ಶಿಲ್ಪಿ ತನ್ನ ಕೌಶಲವನ್ನೆಲ್ಲ ಧಾರೆಯೆರೆಯುತ್ತಿದ್ದನು. ಆದಕಾರಣ ಆಂಗ್ಲ ಕುದುರೆಗೆ ಎಡಮೈ ಚೆಂದ, ಅಮೆರಿಕದ ಕುದುರೆಗೆ ಬಲಮೈ ಚೆಂದ. ಪುಟ್ಟ ಪ್ರತಿಕೃತಿಯನ್ನು ಕೊಳ್ಳುವಾಗ ಎರಡೂ ಮಗ್ಗುಲನ್ನು ತಿರುಗಿಸಿ ನೋಡಿದರೆ ಅದರ ಮೂಲವನ್ನು ಬಹುಮಟ್ಟಿಗೆ ಊಹಿಸಬಹುದು.

ಈ ಮೃಗಗಳನ್ನು ಕೆತ್ತಿದವರು ಯಾರು? ಬ್ರಿಸ್ಟಲಿನ ಆ್ಯಂಡರ್ಸನ್ ಮನೆತನದವರು ಮೊದಲು ಹಡಗಿನ ಮೂತಿಯ ಬೊಂಬೆಗಳನ್ನು ಕೆತ್ತುತ್ತಿದ್ದವರು. ಅಮೆರಿಕದಲ್ಲಂತೂ ಈ ಕಲೆ ಬೆಳೆದದ್ದೇ ವಲಸೆ ಬಂದವರ ಕೈಯಲ್ಲಿ. ಫಿಲಡೆಲ್ಫಿಯದ ಡೆಂಟ್ಜೆಲ್ ಜರ್ಮನಿಯಿಂದ ಬಂದವನು. ಅವನ ಕಾರ್ಖಾನೆಯ ಹೆಸರಾಂತ ಬೆಕ್ಕು, ಮೊಲಗಳನ್ನು ಕೆತ್ತಿದ ಚೆರ್ನಿಲ್ಯಾರೊ ಇಟಲಿಯವನು. ನ್ಯೂಯಾರ್ಕಿನ ಕೋನಿ ದ್ವೀಪದ ಕುದುರೆಗಳನ್ನು ಕಡೆದವರಲ್ಲಿ ಹಲವರು ಪೂರ್ವ ಯುರೋಪಿನ ಯಹೂದಿಗಳು. ಪ್ರಾರ್ಥನಾಮಂದಿರಗಳಲ್ಲಿ ಧರ್ಮಗ್ರಂಥವನ್ನಿಡುವ ಮಂಟಪಗಳಿಗೆ ಚಿನ್ನದ ಲೇಪದ ಸಿಂಹಗಳನ್ನು ಕೆತ್ತುವ ಪರಂಪರೆಯಿಂದ ಅವರು ಬಂದಿದ್ದರು. 2007ರಲ್ಲಿ ನ್ಯೂಯಾರ್ಕಿನ ಜನಪದ ಕಲಾ ಸಂಗ್ರಹಾಲಯವು ಆ ಸಿಂಹಗಳನ್ನೂ ಈ ಕುದುರೆಗಳನ್ನೂ ಒಂದೇ ಸೂರಿನಡಿ ಇರಿಸಿ ತೋರಿಸಿತು. ದೇವರಿಗೆ ಕೆತ್ತಿದ ಕೈಯೇ ಮಕ್ಕಳಿಗೂ ಕೆತ್ತಿತು. ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಅದನ್ನು ಮುಂದೆ ನೋಡೋಣ.

1930ರ ದಶಕದ ಆರ್ಥಿಕ ಕುಸಿತದೊಂದಿಗೆ ಮರದ ಕೆತ್ತನೆ ಬಹುಮಟ್ಟಿಗೆ ನಿಂತಿತು. ಹಳೆಯ ಕ್ಯಾರೊಸೆಲ್‌ಗಳು ಮೂಲೆಗುಂಪಾದವು, ಇಲ್ಲವೇ ಬಿಡಿಬಿಡಿಯಾದವು. 1970ರ ದಶಕದಿಂದೀಚೆಗೆ ಸಂಗ್ರಾಹಕರ ಕಣ್ಣು ಅವುಗಳ ಮೇಲೆ ಬಿದ್ದು, ಒಂದೊಂದು ಮೃಗವೂ ಹರಾಜಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗತೊಡಗಿತು. ಬಿಡಿಯಾಗಿ ಮಾರುವುದೇ ಹೆಚ್ಚು ಲಾಭವೆಂದಾದಾಗ ಇಡಿಯಾಗಿ ಉಳಿಸುವವರು ಯಾರು? ದೊಡ್ಡದನ್ನು ಕೊಳ್ಳಲಾಗದ ಮಧ್ಯಮವರ್ಗದ ಮನೆಗಳಿಗೆ ಆಗ ಪುಟ್ಟ ಪ್ರತಿಕೃತಿಗಳು ಬಂದವು. 1980ರ ದಶಕದಲ್ಲಿ ಫ್ರ್ಯಾಂಕ್ಲಿನ್ ಮಿಂಟ್, ಲೆನಾಕ್ಸ್ ಮೊದಲಾದ ಅಮೆರಿಕದ ಸಂಸ್ಥೆಗಳು ಪಿಂಗಾಣಿಯಲ್ಲಿ ಅವನ್ನು ಎರಕ ಹೊಯ್ದು ಮಾರಿದವು. 1988ರಲ್ಲಿ ಅಲ್ಲಿನ ಅಂಚೆ ಇಲಾಖೆಯೂ ಜಿಂಕೆ, ಕುದುರೆ, ಒಂಟೆ, ಆಡು ಎಂಬ ನಾಲ್ಕು ಕ್ಯಾರೊಸೆಲ್ ಪ್ರಾಣಿಗಳ ಅಂಚೆಚೀಟಿಗಳನ್ನು ಹೊರತಂದಿತು. ಪಿಂಗಾಣಿಗೆ ಉಳಿಯ ಗುರುತಿಲ್ಲ, ಮಕ್ಕಳು ಹತ್ತಿಳಿದು ಸವೆದ ಜೀನಿನ ನುಣುಪಿಲ್ಲ. ಆದರೂ ರೂಪವಾದರೂ ಉಳಿಯಿತಲ್ಲ ಎಂದು ಸಮಾಧಾನಪಡಬೇಕು.

ಬಣ್ಣ ಬಳಿದ ಮರದ ಮೃಗ, ತಿರುಗಿಸುವ ಹಿಡಿ, ಒಳಗೊಂದು ಆರ್ಗನ್: ಇವು ಮೂರೂ ಕೂಡಿದ ಇನ್ನೊಂದು ವಸ್ತು ಲಂಡನ್ನಿನಲ್ಲಿಯೇ ಇದೆ. ಅದು ನಮ್ಮದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಒಯ್ದ ಟಿಪ್ಪೂ ಸುಲ್ತಾನನ ಹುಲಿ, 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು. ಬಂದವರೆಲ್ಲ ಹಿಡಿ ತಿರುವಿ ಹುಲಿಯ ಗರ್ಜನೆಯನ್ನೂ ಅದರಡಿ ಬಿದ್ದ ಪರಂಗಿಯವನ ನರಳಿಕೆಯನ್ನೂ ಕೇಳುತ್ತಿದ್ದರು. ಗ್ರಂಥಾಲಯದಲ್ಲಿ ಓದುವವರಿಗೆ ಅದೊಂದು ದೊಡ್ಡ ಕಾಟವಾಗಿತ್ತಂತೆ. ಇಂದು ಅದು ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದ ಬಾಂಬಿಗೆ ಛಾವಣಿ ಕುಸಿದು ನೂರಾರು ಚೂರಾಗಿದ್ದುದನ್ನು ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು.

ಈ ಹುಲಿಗೂ ಪುಟ್ಟ ಪ್ರತಿಕೃತಿಗಳು ಹುಟ್ಟಿದವು, ಅದೂ ಕ್ಯಾರೊಸೆಲ್ ಕುದುರೆಗಿಂತ ನೂರೈವತ್ತು ವರ್ಷಕ್ಕೂ ಹಿಂದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರರು ಮನುಷ್ಯನನ್ನು ಕಚ್ಚಿ ಹಿಡಿದ ಹುಲಿಯ ಮಣ್ಣಿನ ಗೊಂಬೆಯನ್ನು ಕಪಾಟುಗಳಿಗಾಗಿ ಮಾಡಿ ಮಾರಿದರು. ಪೀಠದ ಮೇಲೆ ಬರೆದದ್ದು ಮಾತ್ರ ‘ಮನ್ರೋವಿನ ಮರಣ’ ಎಂದು. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಗೆ ಬಲಿಯಾದ ಯುವಕ, ಸೇನಾನಿ ಸರ್ ಹೆಕ್ಟರ್ ಮನ್ರೋವಿನ ಮಗ. ಮೈಸೂರಿನ ದೊರೆಯ ಲಾಂಛನವು ಆಂಗ್ಲರ ಮನೆಯ ಒಲೆಗೂಡಿನ ಮೇಲೆ ತಮ್ಮವನೊಬ್ಬನ ಶೋಕಕಥೆಯಾಗಿ ಕುಳಿತಿತು! ಟಿಪ್ಪೂವಿನ ಹೆಸರು ಅದರ ಮೇಲಿಲ್ಲ. ಮೂಲ ಹುಲಿಯನ್ನು ಕೆತ್ತಿದ ಬಡಗಿಯ ಹೆಸರನ್ನಂತೂ ಯಾರೂ ಬರೆದಿಡಲೇ ಇಲ್ಲ. ಡೆಂಟ್ಜೆಲ್ಲನ ಬೆಕ್ಕು ಅವನ ಶಿಲ್ಪಿಯ ಹೆಸರಿನೊಡನೆ ಪುಸ್ತಕಗಳಲ್ಲಿ ಬಾಳುತ್ತಿರುವಾಗ ಈ ಕೊರತೆ ನನ್ನನ್ನು ಬಾಧಿಸುತ್ತದೆ.

ನಮ್ಮ ನಾಡಿನಲ್ಲಿ ದೇವರ ಉತ್ಸವಕ್ಕೆ ಗರುಡ, ಸಿಂಹ, ಕುದುರೆ, ನವಿಲುಗಳ ಮರದ ವಾಹನಗಳನ್ನು ಕೆತ್ತುವವರಿದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಕಡೆದು, ಹುಣಿಸೆ ಬೀಜದ ಅಂಟಿನಿಂದ ನುಣುಪು ಮಾಡಿ, ಬಣ್ಣ ಕೊಟ್ಟು, ದೇವತಾಮೂರ್ತಿಗಳನ್ನೂ ವಾಹನಗಳನ್ನೂ ಮಕ್ಕಳ ಗೊಂಬೆಗಳನ್ನೂ ಅದೇ ಜಗಲಿಯ ಮೇಲೆ ಮಾಡುತ್ತ ಬಂದಿದ್ದಾರೆ. ಕೋನಿ ದ್ವೀಪದ ಯಹೂದಿ ಶಿಲ್ಪಿಗಳಿಗೂ ಇವರಿಗೂ ಇರುವ ಅಂತರ ಸಮುದ್ರದ್ದು ಮಾತ್ರ. ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಲಂಡನ್ನಿನಲ್ಲಿ ನವರಾತ್ರಿಗೆ ಮೆಟ್ಟಿಲ ಮೇಲೆ ಕೂರಿಸುವ ಕನ್ನಡದ ಮನೆಗಳುಂಟು. ಇಲ್ಲಿ ಹುಟ್ಟಿದ ಮಕ್ಕಳು ಕೆಳಗಿನ ಮೆಟ್ಟಿಲಲ್ಲಿ ಕ್ಯಾರೊಸೆಲ್ ಕುದುರೆಯನ್ನೂ ಇಡುತ್ತಾರೆ; ಇಡಲಿ, ಅದಕ್ಕೂ ಜಾತ್ರೆಯ ಕುಲವೇ. ಆದರೆ ಆ ಕುದುರೆಯ ಹೊಟ್ಟೆಯಡಿಯಲ್ಲಿ ತಯಾರಿಸಿದ ಸಂಸ್ಥೆಯ ಹೆಸರು, ವರ್ಷ, ಸಂಖ್ಯೆ ಎಲ್ಲವೂ ಅಚ್ಚಾಗಿರುತ್ತವೆ. ನಮ್ಮ ರಾಜ-ರಾಣಿಯರ ಅಡಿಯಲ್ಲಿ ಬರಿಯ ಮರ. ಕಿನ್ನಾಳದಿಂದ ತರಿಸಿದ ನಮ್ಮ ಮನೆಯ ಆನೆಗೆ ಒಂದು ಚೀಟಿ ಅಂಟಿಸಿದ್ದೇನೆ: ಊರು, ಕೊಂಡ ವರ್ಷ, ಮಾಡಿದ ಮನೆತನ. ಮೈಸೂರಿನಿಂದ ಬಂದ ಹಳೆಯ ಜೋಡಿಯ ಬಗೆಗೆ ವಿಚಾರಿಸಲು ಊರಿನ ಹಿರಿಯರೊಬ್ಬರಿಗೆ ಪತ್ರ ಬರೆದಿದ್ದೇನೆ.