ನೆರಳನ್ನು ಮಡಿಸುವ ವಿದ್ಯೆ

ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಇಂದು ರಸ್ತೆಗಳ ನಡುವೆ ಹಂಚಿಹೋದ ಬೇರೆ ಬೇರೆ ಬಯಲುಗಳು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇವೆಲ್ಲ ಮುಂಬಯಿ ಕೋಟೆಯ ಹೊರಗೆ ಹಬ್ಬಿದ್ದ ಎಸ್ಪ್ಲನೇಡ್ ಎಂಬ ಒಂದೇ ಬಯಲಿನ ತುಂಡುಗಳಾಗಿದ್ದವು. ಕೋಟೆಯ ಫಿರಂಗಿಗಳ ದೃಷ್ಟಿಗೆ ಅಡ್ಡವಾಗದಂತೆ ಆ ಬಯಲನ್ನು ತೆರವಾಗಿಯೇ ಇಡಲಾಗಿತ್ತು. ಆದರೂ ಬೇಸಿಗೆಯಲ್ಲಿ ಅಲ್ಲೊಂದು ಊರೇ ಏಳುತ್ತಿತ್ತು. ಕೋಟೆಯೊಳಗಿನ ಸೆಕೆಯನ್ನು ತಾಳಲಾರದ ಯುರೋಪಿಯನ್ನರು ಕಡಲಗಾಳಿಯನ್ನು ಅರಸಿ ಬಂದು ಡೇರೆಗಳನ್ನೂ ತಾತ್ಕಾಲಿಕ ಬಂಗಲೆಗಳನ್ನೂ ಹೂಡುತ್ತಿದ್ದರು. 1838ರ ಪಶ್ಚಿಮ ಭಾರತವನ್ನು ಕುರಿತು ಪುಸ್ತಕ ಬರೆದ ಮೇರಿಯಾನ್ ಪೋಸ್ಟನ್ಸ್ ಎಂಬಾಕೆ ಈ ವಸತಿಗಳನ್ನು ವರ್ಣಿಸಿದ್ದಾಳೆ. ಬಿದಿರಿನ ಚೌಕಟ್ಟು, ಅದರ ಮೇಲೆ ಗಾರೆ, ಒಳಗೆ ಅಸ್ತರಿಯಾಗಿ ಬಿಗಿದ ಡಂಗರಿ ಬಟ್ಟೆ. ಈ ಡಂಗರಿ ಎಂಬ ಹೆಸರು ಮುಂಬಯಿಯದೇ ಆದ ಡೋಂಗ್ರಿಯಿಂದ ಬಂದುದೆಂದು ಹೇಳುತ್ತಾರೆ.

ಈ ಬಟ್ಟೆ-ಬಿದಿರಿನ ಊರಿಗೆ ಒಂದು ಕಟ್ಟಳೆಯಿತ್ತು. ಮಳೆಗಾಲ ಸಮೀಪಿಸಿದೊಡನೆ ಎಲ್ಲವನ್ನೂ ಬಿಚ್ಚಿ, ಬಯಲನ್ನು ಬಯಲಾಗಿಯೇ ಬಿಟ್ಟುಕೊಡಬೇಕು. ನೈಋತ್ಯ ಮಾರುತದೊಡನೆ ಸೆಣಸಿ ಗೆಲ್ಲುವ ಡೇರೆಯನ್ನು ಕಟ್ಟುವ ಹಟವನ್ನು ಯಾರೂ ತೊಡಲಿಲ್ಲ. ಕಟ್ಟುವ ದಿನ ಎಷ್ಟು ನಿಶ್ಚಿತವೋ ಬಿಚ್ಚುವ ದಿನವೂ ಅಷ್ಟೇ ನಿಶ್ಚಿತ. 1860ರ ದಶಕದಲ್ಲಿ ಗವರ್ನರ್ ಬಾರ್ಟ್ಲ್ ಫ್ರಿಯರ್‌ನ ಕಾಲದಲ್ಲಿ ಕೋಟೆಯ ಗೋಡೆಗಳು ಉರುಳಿದವು; ಬಯಲಿನ ಬಹುಭಾಗ ಕಲ್ಲಿನ ಕಟ್ಟಡಗಳ ಪಾಲಾಯಿತು. ಬಿಚ್ಚುವ ಕಟ್ಟಳೆಯೂ ಜನರ ನೆನಪಿನಿಂದ ಮರೆಯಾಯಿತು.

ಆ ಕಟ್ಟಳೆಯ ಹಿಂದಿದ್ದ ವಿವೇಕವನ್ನು ಇಂದಿನ ಲೆಕ್ಕದಲ್ಲಿಯೂ ಹೇಳಬಹುದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 4 ಕಿಲೋಗ್ರಾಂ ತೂಕದಷ್ಟು ಒತ್ತಿದರೆ, 60 ಕಿಲೋಮೀಟರಿನ ಗಾಳಿ ಸುಮಾರು 17 ಕಿಲೋಗ್ರಾಂ ಒತ್ತುತ್ತದೆ. ಪೇಟೆಯಲ್ಲಿ ಸಿಗುವ ಹತ್ತು ಅಡಿ ಚೌಕದ ಮಡಿಸುವ ಚಪ್ಪರದ ಮೇಲ್ಕಟ್ಟು ಸುಮಾರು 9 ಚದರ ಮೀಟರ್. ಅದರಡಿಗೆ ಬಿರುಗಾಳಿ ನುಗ್ಗಿದರೆ 150 ಕಿಲೋಗ್ರಾಂನಷ್ಟು ಬಲ ಅದನ್ನು ಮೇಲಕ್ಕೆತ್ತಬಲ್ಲದು. ನಾಲ್ಕು ಕಾಲುಗಳಿಗೆ ಇಪ್ಪತ್ತು ಲೀಟರಿನ ನಾಲ್ಕು ನೀರಿನ ಕ್ಯಾನುಗಳನ್ನು ಕಟ್ಟಿದರೂ 80 ಕಿಲೋಗ್ರಾಂ ಮಾತ್ರ. ದಿನನಿತ್ಯದ ಗಾಳಿಗೆ ಅದು ಸಾಕು, ಧೂಳುಗಾಳಿಗೆ ಸಾಲದು. ಗಾಳಿ ಬರುವ ಮಗ್ಗುಲನ್ನು ತೆರೆದು ಎದುರು ಮಗ್ಗುಲಿಗೆ ಪರದೆ ಕಟ್ಟಿದ್ದರಂತೂ ಚಪ್ಪರ ಹಾಯಿಯೇ ಆಗುತ್ತದೆ. ಕರಾವಳಿಯ ನಮ್ಮ ಹಿರಿಯರ ಚಪ್ಪರಕ್ಕೆ ನೆಲದಲ್ಲಿ ಆಳವಾಗಿ ಹೂತ ಅಡಿಕೆಮರದ ಕಂಬಗಳಿದ್ದವು. ಮೇಲೆ ಹೊದೆಸಿದ ತೆಂಗಿನ ಮಡಲು ಬಿಸಿಲನ್ನು ತಡೆದು ಗಾಳಿಯನ್ನು ಸಂದುಗಳಲ್ಲಿ ಹಾಯಗೊಡುತ್ತಿತ್ತು. ಪ್ಲಾಸ್ಟಿಕ್ ತಾಡಪತ್ರಿಗೆ ಆ ಔದಾರ್ಯವಿಲ್ಲ.

ಮುಂಬಯಿಯ ನೆಲವಾದರೂ ಗೂಟಕ್ಕೆ ಒಲಿಯುವುದಿಲ್ಲ. 1893ರಲ್ಲಿ ಗಿರಗಾಂವದ ಕೇಶವಜಿ ನಾಯಕ್ ಚಾಳಿನಲ್ಲಿ ಸಾರ್ವಜನಿಕ ಗಣೇಶೋತ್ಸವ ಆರಂಭವಾದಂದಿನಿಂದ ಮಳೆಯ ತಿಂಗಳಲ್ಲಿಯೇ ಬೀದಿಯಲ್ಲಿ ಮಂಟಪ ಕಟ್ಟುವುದು ಈ ನಗರದ ರೂಢಿ. ಕಂಬ ನಿಲ್ಲಬೇಕಾದರೆ ರಸ್ತೆಯನ್ನು ಅಗೆಯಬೇಕು. ಅಗೆದರೆ ಮಹಾನಗರಪಾಲಿಕೆಗೆ ದಂಡ ತೆರಬೇಕು. 2025ರಲ್ಲಿ ಗುಂಡಿಯೊಂದಕ್ಕೆ 2,000 ರೂಪಾಯಿ ಇದ್ದ ದಂಡವನ್ನು 15,000ಕ್ಕೆ ಏರಿಸಿ, ಮಂಡಳಿಗಳ ವಿರೋಧದ ನಂತರ ಮತ್ತೆ ಇಳಿಸಲಾಯಿತು. ಕಾಂಕ್ರೀಟ್ ರಸ್ತೆಯನ್ನು ಉಳಿಸಬೇಕೆಂಬ ವಾದವೂ ನ್ಯಾಯವೇ, ಕಂಬಕ್ಕೆ ಬೇರು ಬೇಕೆಂಬ ವಾದವೂ ನ್ಯಾಯವೇ. ಹೂಳಲಾಗದ ಕಂಬವನ್ನು ಭಾರದಿಂದ ಹಿಡಿಯಬೇಕು, ಅಡ್ಡಪಟ್ಟಿಗಳಿಂದ ಬಿಗಿಯಬೇಕು. ಈ ವೆಚ್ಚವನ್ನು ಉಳಿಸಹೊರಟಲ್ಲಿ ಅಪಾಯ ಹುಟ್ಟುತ್ತದೆ.

ಹಾಗೆಂದು ಚಪ್ಪರವೇ ಬೇಡವೆನ್ನುವಂತಿಲ್ಲ. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಿತು. ವೇದಿಕೆಗೆ ನೆರಳಿತ್ತು, ಲಕ್ಷಾಂತರ ಜನರು ಬಯಲ ಬಿಸಿಲಿನಲ್ಲಿ ಕುಳಿತಿದ್ದರು. ಬಿಸಿಲಿನ ಹೊಡೆತಕ್ಕೆ 14 ಮಂದಿ ಅಸುನೀಗಿದರು.

ಮರುವರ್ಷ 2024ರ ಮೇ 13ರ ಸಂಜೆ ನಗರದ ಮೇಲೆ ಧೂಳುಗಾಳಿ ಎದ್ದಿತು. ಘಾಟ್ಕೋಪರದ ಛೇಡಾ ನಗರದಲ್ಲಿ ಬೃಹತ್ ಜಾಹೀರಾತು ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಕುಸಿದು 17 ಮಂದಿ ಸತ್ತರು. ಗಾಳಿಮಳೆಗೆ ಅಂಜಿ ಆ ಪಂಪಿನ ಸೂರಿನಡಿ ನಿಂತವರೂ ಅಲ್ಲಿದ್ದರು. ಫಲಕ ಚಪ್ಪರವಲ್ಲ ನಿಜ. ಆದರೆ ಗಾಳಿಯ ಪಾಲಿಗೆ ಎರಡೂ ಹಾಯಿಗಳೇ. ಪಾಲಿಕೆ ಒಪ್ಪುವ ಮಿತಿ 40 ಅಡಿ ಚೌಕ. ಅದು 120 ಅಡಿ ಚೌಕವಿತ್ತು, ಎಂದರೆ ವಿಸ್ತಾರದಲ್ಲಿ ಒಂಬತ್ತರಷ್ಟು. ಗಂಟೆಗೆ 60 ಕಿಲೋಮೀಟರಿನ ಗಾಳಿಯೆಂದು ಹಿಡಿದರೂ ಮೇಲಿನ ಲೆಕ್ಕದಂತೆ ಅದರ ಮೇಲೆ ಬೀಳುವ ಬಲ 22 ಟನ್ನಿಗೂ ಮಿಗಿಲು. ಮೋಡ ಕಂಡೊಡನೆ ಬೀದಿಬದಿಯ ತರಕಾರಿಯವಳು ತನ್ನ ಹಾಳೆಯ ಹಗ್ಗ ಬಿಚ್ಚಿ ಸುತ್ತಿಡುತ್ತಾಳೆ. ಆ ಫಲಕವನ್ನು ಹಾಗೆ ಸುತ್ತಿಡುವ ಮಾರ್ಗವೇ ಇರಲಿಲ್ಲ.

ಎಸ್ಪ್ಲನೇಡಿನ ಜನಕ್ಕೆ ಪಂಚಾಂಗ ಮತ್ತು ಪಡುವಣ ದಿಗಂತ ಇವೆರಡೇ ಮುನ್ಸೂಚನೆ. ನಮಗೆ ಕೊಲಾಬಾ ಮತ್ತು ವೆರಾವಲಿಯ ಡಾಪ್ಲರ್ ರೇಡಾರುಗಳಿವೆ. ಮುಂದಿನ ಮೂರು ಗಂಟೆಗಳ ಎಚ್ಚರಿಕೆಯನ್ನು ಹವಾಮಾನ ಇಲಾಖೆ ಕೊಡುತ್ತದೆ. ಚಪ್ಪರವನ್ನು ಇಳಿಸಲು ಅಷ್ಟು ಹೊತ್ತು ಧಾರಾಳ. ಇಳಿಸು ಎನ್ನಬಲ್ಲವರು ಯಾರೆಂಬುದು ಮಾತ್ರ ಅಸ್ಪಷ್ಟ. ಹಗ್ಗ ಬಿಗಿಯುವ ಕೂಲಿಕಾರನಿಗೆ ಗಾಳಿಯ ಮರ್ಮ ಗೊತ್ತು, ಅಧಿಕಾರವಿಲ್ಲ. ಅಧಿಕಾರವುಳ್ಳ ಸಂಘಟಕನು ಮುಖ್ಯ ಅತಿಥಿಯ ಭಾಷಣ ಮುಗಿಯಲೆಂದು ಕಾಯುತ್ತಾನೆ. ಚಪ್ಪರಕ್ಕೆ ಅನುಮತಿ ಕೊಡುವ ಕಾಗದದಲ್ಲಿ ಅಳತೆಯ ಜೊತೆಗೆ ಇನ್ನೆರಡು ಸಾಲುಗಳು ಸೇರಬೇಕು: ಯಾವ ವೇಗದ ಗಾಳಿಯ ಮುನ್ಸೂಚನೆ ಬಂದರೆ ಇಳಿಸಬೇಕು, ಆ ಆಜ್ಞೆಯನ್ನು ಯಾರು ಕೊಡಬೇಕು. ಇನ್ನೂರು ವರ್ಷಗಳ ಹಿಂದೆ ಆ ಬಯಲಿನಲ್ಲಿ ಮಳೆಗಾಲವೇ ಆ ಆಜ್ಞೆಯನ್ನು ಕೊಡುತ್ತಿತ್ತು, ಎಲ್ಲರೂ ಪಾಲಿಸುತ್ತಿದ್ದರು.