ಮಗುವಿನ ಜೀವನಾಂಶ: ಲೆಕ್ಕ ಎಲ್ಲಿಂದ ಶುರುವಾಗಬೇಕು?

ತಂದೆ ತಾಯಿ ಬೇರೆಯಾದಾಗ ಮಗುವಿನ ಪಾಲನೆಗೆ ಯಾರು ಎಷ್ಟು ಕೊಡಬೇಕೆಂಬುದಕ್ಕೆ ಭಾರತದ ಕಾನೂನಿನಲ್ಲಿ ನಿಗದಿತ ಸೂತ್ರವಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು. 2001ರ ತಿದ್ದುಪಡಿ ಅದನ್ನು ತೆಗೆಯಿತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಕೂಡ ಮೊತ್ತವನ್ನು ನ್ಯಾಯಾಧೀಶರ ವಿವೇಚನೆಗೇ ಬಿಟ್ಟಿದೆ. ಆ ವಿವೇಚನೆ ಹಿಡಿದ ಎರಡು ದಾರಿಗಳನ್ನು ಇಲ್ಲಿ ಹೋಲಿಸುತ್ತೇನೆ.

ಮೊದಲನೆಯದು ಪದ್ಮಜಾ ಶರ್ಮಾ ಪ್ರಕರಣದ್ದು (ಸುಪ್ರೀಂ ಕೋರ್ಟ್, 2000). ಅಲ್ಲಿ ನ್ಯಾಯಾಲಯ ಮಗುವೊಂದಕ್ಕೆ ತಿಂಗಳಿಗೆ 3,000 ರೂಪಾಯಿ ಬೇಕೆಂದು ಗೊತ್ತುಮಾಡಿ, ದುಡಿಯುತ್ತಿದ್ದ ತಂದೆ ತಾಯಿ ಅದನ್ನು 2:1ರಂತೆ ಹೊರಬೇಕೆಂದಿತು. ಎರಡನೆಯದು ಅನುರಿತಾ ವೋಹ್ರಾ ಪ್ರಕರಣದ್ದು (ದೆಹಲಿ ಹೈಕೋರ್ಟ್, 2004). ಕುಟುಂಬದ ಆದಾಯವನ್ನೆಲ್ಲ ಒಟ್ಟುಗೂಡಿಸಿ ಗಂಡನಿಗೆ ಎರಡು ಪಾಲು, ಉಳಿದವರಿಗೆ ತಲಾ ಒಂದು ಪಾಲು ಹಂಚುವ ಕ್ರಮ ಅದು.

ಲೆಕ್ಕ ಹಾಕಿ ನೋಡೋಣ. ತಂದೆಯ ಆದಾಯ 60,000, ತಾಯಿಯದು 30,000, ಒಂದೇ ಮಗು, ಅದರ ಖರ್ಚು 18,000 ಎಂದಿಟ್ಟುಕೊಂಡರೆ ಮೊದಲ ಕ್ರಮದಲ್ಲಿ ತಂದೆ 12,000 ಕೊಡಬೇಕು. ಎರಡನೆಯದರಲ್ಲಿ 90,000ವನ್ನು ನಾಲ್ಕು ಪಾಲು ಮಾಡಿದರೆ ತಾಯಿ ಮಗುವಿಗೆ ಸೇರಿ 45,000. ತಾಯಿಯ ಸಂಬಳ ಕಳೆದರೆ ತಂದೆ ಕೊಡಬೇಕಾದದ್ದು 15,000. ಮೊದಲನೆಯದು ಮಗುವಿನ ಅಗತ್ಯದಿಂದ ಹೊರಡುತ್ತದೆ, ಎರಡನೆಯದು ಮನೆಯ ಆದಾಯದಿಂದ. ಹೀಗಾಗಿ ಮೊದಲನೆಯದರಲ್ಲಿ ಖರ್ಚನ್ನು ಕಡಿಮೆ ತೋರಿಸಿದರೆ ಮಗುವಿಗೆ ನಷ್ಟ, ಎರಡನೆಯದರಲ್ಲಿ ಆದಾಯ ಮುಚ್ಚಿಟ್ಟರೆ ನಷ್ಟ.

ಈ ಮುಚ್ಚುಮರೆಗೆ ಮದ್ದಾಗಿ ಬಂದದ್ದು ರಜನೇಶ್ ವಿರುದ್ಧ ನೇಹಾ ತೀರ್ಪು (2020ರ ನವೆಂಬರ್ 4). ಅದರ ಪ್ರಕಾರ ಆಸ್ತಿ, ಸಾಲ, ಆದಾಯ, ಖರ್ಚುಗಳ ಅಫಿಡವಿಟ್ಟನ್ನು ಇಬ್ಬರೂ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಮಗುವಿನ ಶಿಕ್ಷಣದ ವೆಚ್ಚ ಸಾಮಾನ್ಯವಾಗಿ ತಂದೆಯದು. ತಾಯಿ ಸಾಕಷ್ಟು ಗಳಿಸುತ್ತಿದ್ದರೆ ಗಳಿಕೆಗೆ ತಕ್ಕಂತೆ ಹಂಚಿಕೆ.

ಗಳಿಕೆಗೆ ತಕ್ಕಂತೆ ಹಂಚುವ ಈ ಅನುಪಾತದಲ್ಲಿ ನನಗೆ ಕಾಣುವ ಕೊರತೆ ಒಂದಿದೆ. ಅದು ಎಣಿಸುವುದು ಹಣವನ್ನಷ್ಟೇ. ಮಗುವಿಗೆ ಜ್ವರ ಬಂದಾಗ ರಜೆ ಹಾಕುವವರು, ಶಾಲೆಗೆ ಬಿಟ್ಟು ಕರೆತರುವವರು, ರಾತ್ರಿ ಎದ್ದು ಕೂರುವವರು ಸಂಬಳದ ಪಟ್ಟಿಯಲ್ಲಿ ಕಾಣುವುದಿಲ್ಲ. ಹೆಚ್ಚಾಗಿ ತಾಯಿಯೇ ಹೊರುವ ಈ ದುಡಿಮೆಯನ್ನು ಬಿಟ್ಟ 2:1 ಪೂರ್ಣ ನ್ಯಾಯವಲ್ಲ. ಕೌಟುಂಬಿಕ ನ್ಯಾಯಾಲಯಗಳು ಮೊತ್ತವನ್ನಷ್ಟೇ ಹೇಳಿ ಮುಗಿಸದೆ, ಮಗುವಿನ ಅಗತ್ಯ ಎಷ್ಟು, ಆರೈಕೆಗೆ ಎಷ್ಟು ಎಣಿಸಿದೆವು, ಉಳಿದದ್ದನ್ನು ಹೇಗೆ ಹಂಚಿದೆವು ಎಂಬುದನ್ನು ಆದೇಶದಲ್ಲೇ ಬರೆಯಬೇಕು.